ಬಡ್ತಿ ಸಿಕ್ಕ ಮೇಲಿನ ಹನ್ನೊಂದು ವಾರ

(ಕೊಡಗಿನ ಸುಂಟಿಕೊಪ್ಪದಲ್ಲಿ ಫುಟ್ಬಾಲ್ ಪ್ರಿಯರ ಮುಂದೆ ಆಡಿದ ಮಾತಿನ ಬರಹ ರೂಪ)

ಆರಕ್ಕೆ ಆರು. ಈ ಲೆಕ್ಕದಿಂದಲೇ ಶುರು ಮಾಡುತ್ತೇನೆ. 2023ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ಮೂರು ತಂಡಗಳು ಬಡ್ತಿ ಪಡೆದು ಬಂದವು. ಬರ್ನ್‌ಲಿ, ಶೆಫೀಲ್ಡ್ ಯುನೈಟೆಡ್, ಲೂಟನ್. 2024ರ ಮೇ ತಿಂಗಳಿಗೆ ಮೂರೂ ವಾಪಸ್. ಅವುಗಳ ಜಾಗಕ್ಕೆ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಬಂದವು. 2025ರ ಮೇ ತಿಂಗಳಿಗೆ ಆ ಮೂರೂ ವಾಪಸ್. ಬಂದ ದಾರಿಗೆ ಸುಂಕವಿಲ್ಲ ಅನ್ನುವ ಹಾಗೆ ಎಲ್ಲರೂ ಹೊರಟುಬಿಟ್ಟರು.

ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಹಾಕಿಯವರು ಅಂತ ನನಗೆ ಗೊತ್ತು. ಅದಕ್ಕೇ ಈ ಏಣಿಯ ವಿಷಯ ಒಂದು ನಿಮಿಷ ಹೇಳಿಬಿಡುತ್ತೇನೆ, ಫುಟ್ಬಾಲ್‌ನವರು ಸಹಿಸಿಕೊಳ್ಳಿ. ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ. ಒಬ್ಬೊಬ್ಬರಿಗೂ 38 ಪಂದ್ಯ. ಕೊನೆಯಲ್ಲಿ ಪಟ್ಟಿಯ ತಳದ ಮೂರು ತಂಡ ಕೆಳಗಿನ ಲೀಗ್‌ಗೆ ಹೋಗಬೇಕು. ಆ ಕೆಳಗಿನ ಲೀಗ್‌ನ ಹೆಸರು ಚಾಂಪಿಯನ್‌ಷಿಪ್. ಅಲ್ಲಿಂದ ಮೊದಲ ಎರಡು ತಂಡ ನೇರವಾಗಿ ಮೇಲೆ ಬರುತ್ತವೆ. ನಾನು ಹೇಳುವ ಈ ವರ್ಷಗಳಲ್ಲಿ ಮೂರರಿಂದ ಆರನೇ ಸ್ಥಾನದವರು ಪ್ಲೇಆಫ್ ಆಡಿ, ಅವರಲ್ಲಿ ಒಬ್ಬರು ಬರುತ್ತಿದ್ದರು.

ನಮ್ಮ ಕೊಡವ ಹಾಕಿ ಹಬ್ಬದಲ್ಲಿ ಈ ಕಷ್ಟ ಇಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ದಿನದಿಂದ ಅದು ನಾಕೌಟ್. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬದ ತಂಡಗಳು ಹೆಸರು ಕೊಟ್ಟಿದ್ದವು. ಮೊದಲ ಪಂದ್ಯದಲ್ಲೇ ಸೋತ ಒಕ್ಕ, ಅಂದರೆ ಕುಟುಂಬ, ಮುಂದಿನ ವರ್ಷ ಮತ್ತೆ ಅದೇ ಹಬ್ಬಕ್ಕೆ ಬರುತ್ತೆ, ಚಾಂಪಿಯನ್ ಆದವರ ಸಮಕ್ಕೇ ನಿಲ್ಲುತ್ತೆ. ಸೋತರೆ ಮರ್ಯಾದೆ ಸ್ವಲ್ಪ ಹೋಗಬಹುದು. ವರಮಾನ ಹೋಗುವುದಿಲ್ಲ, ಕೆಲಸದವರ ಸಂಬಳ ನಿಲ್ಲುವುದಿಲ್ಲ. ಇಂಗ್ಲೆಂಡಿನಲ್ಲಿ ತಳದ ಮೂರು ಸ್ಥಾನದಲ್ಲಿ ಮುಗಿಸಿದರೆ ಎರಡೂ ಆಗುತ್ತೆ.

ಹೊಸದಾಗಿ ಬಂದವರು ಸೋಲುವುದು ಸಹಜ ತಾನೇ, ಇದರಲ್ಲಿ ಮಾತಾಡೋಕೆ ಏನಿದೆ ಅಂತ ನೀವು ಕೇಳಬಹುದು. ಆದರೆ ಇದು ಮೊದಲಿಂದ ಹೀಗೆ ಇರಲಿಲ್ಲ. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದ ಮೇಲೆ, ಬಂದ ಮೂರೂ ತಂಡ ಒಟ್ಟಿಗೆ ಕೆಳಗೆ ಹೋಗಿದ್ದು 2024ಕ್ಕೂ ಮುಂಚೆ ಒಂದೇ ಸಲ. 1997-98ರಲ್ಲಿ. ಬೋಲ್ಟನ್, ಬಾರ್ನ್ಸ್‌ಲಿ, ಕ್ರಿಸ್ಟಲ್ ಪ್ಯಾಲೇಸ್. ಅದರಲ್ಲೂ ಬೋಲ್ಟನ್ 40 ಅಂಕ ಗಳಿಸಿ, ಎವರ್ಟನ್‌ಗೆ ಸಮನಾಗಿ ನಿಂತು, ಗೋಲು ವ್ಯತ್ಯಾಸದಲ್ಲಿ ಹೋಯಿತು. ಇನ್ನೊಂದು ಕಡೆ 2001-02, 2011-12, 2017-18, 2022-23. ಈ ನಾಲ್ಕೂ ಸೀಸನ್‌ನಲ್ಲಿ ಬಂದ ಮೂರಕ್ಕೆ ಮೂರೂ ಉಳಿದುಕೊಂಡವು.

ಹಾಗಾದರೆ 2023ರ ನಂತರ ಏನಾಯಿತು? ಅಂಕ ನೋಡಿ. 2023-24ರಲ್ಲಿ ಲೂಟನ್ 26, ಬರ್ನ್‌ಲಿ 24, ಶೆಫೀಲ್ಡ್ ಯುನೈಟೆಡ್ 16. ಶೆಫೀಲ್ಡ್ ಒಂದೇ ಸೀಸನ್‌ನಲ್ಲಿ 104 ಗೋಲು ಬಿಟ್ಟುಕೊಟ್ಟಿತು, ಅದು ಪ್ರೀಮಿಯರ್ ಲೀಗ್‌ನ ದಾಖಲೆ. ಆ ವರ್ಷ ಹಣಕಾಸಿನ ನಿಯಮ ಮುರಿದಿದ್ದಕ್ಕೆ ಎವರ್ಟನ್‌ಗೆ ಒಟ್ಟು 8 ಅಂಕ, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 4 ಅಂಕ ಕಡಿತ ಆಗಿತ್ತು. ಅಂದರೆ ಮೇಲಿದ್ದವರನ್ನು ಲೀಗ್‌ನವರೇ ಕೆಳಗೆ ಎಳೆದು ಕೊಟ್ಟಿದ್ದರು. ಆದರೂ ಈ ಮೂವರಿಗೆ ಅವರನ್ನು ಹಿಡಿಯಲು ಆಗಲಿಲ್ಲ.

ಮುಂದಿನ ವರ್ಷ ಇನ್ನೂ ಕೆಟ್ಟದಾಯಿತು. ಲೆಸ್ಟರ್ 25, ಇಪ್ಸ್‌ವಿಚ್ 22, ಸೌತಾಂಪ್ಟನ್ 12. ಮೂರೂ ಸೇರಿಸಿ 59. ಸೌತಾಂಪ್ಟನ್ ಇನ್ನೂ ಏಳು ಪಂದ್ಯ ಇರುವಾಗಲೇ ಕೆಳಗೆ ಹೋಗುವುದು ಖಾತ್ರಿ ಆಗಿತ್ತು. ಆ ವರ್ಷ ಮ್ಯಾಂಚೆಸ್ಟರ್ ಯುನೈಟೆಡ್ 15ನೇ ಸ್ಥಾನ, ಟಾಟೆನ್‌ಹ್ಯಾಮ್ 17ನೇ ಸ್ಥಾನ. (ಯುನೈಟೆಡ್ ಜೆರ್ಸಿ ಹಾಕಿಕೊಂಡು ಬಂದಿರುವ ಹುಡುಗರು ಬೇಜಾರು ಮಾಡಿಕೊಳ್ಳಬೇಡಿ.) ಟಾಟೆನ್‌ಹ್ಯಾಮ್ 38 ಪಂದ್ಯದಲ್ಲಿ 22 ಸೋತಿತ್ತು. 22 ಸೋತ ತಂಡ ಕೂಡ 18ನೇ ಸ್ಥಾನದ ಲೆಸ್ಟರ್‌ಗಿಂತ 13 ಅಂಕ ಮುಂದೆ ಇತ್ತು, ಮೇಲಾಗಿ ಬಿಲ್ಬಾವೊಗೆ ಹೋಗಿ ಯೂರೋಪಾ ಲೀಗ್ ಕಪ್ಪನ್ನೂ ಗೆದ್ದು ಬಂತು. ಇದಕ್ಕಿಂತ ಒಳ್ಳೆ ಅವಕಾಶ ಹೊಸಬರಿಗೆ ಎಲ್ಲಿ ಸಿಗುತ್ತೆ?

ಎಲ್ಲರೂ ಮೊದಲು ಹೇಳುವ ಕಾರಣ ದುಡ್ಡು. ಅದು ನಿಜ, ಆದರೆ ಅರ್ಧ ನಿಜ. ಮೊದಲು ಆ ಅರ್ಧವನ್ನು ನೋಡೋಣ.

ಪ್ರೀಮಿಯರ್ ಲೀಗ್‌ನಲ್ಲಿ ಕಟ್ಟ ಕಡೆಯ ಸ್ಥಾನದಲ್ಲಿ ಮುಗಿಸಿದ ತಂಡಕ್ಕೂ ಟಿವಿ ಹಣ, ಲೀಗ್‌ನ ಪಾಲು ಎಲ್ಲ ಸೇರಿ 10 ಕೋಟಿ ಪೌಂಡ್‌ಗಿಂತ ಜಾಸ್ತಿ ಬರುತ್ತೆ. ಚಾಂಪಿಯನ್‌ಷಿಪ್‌ನ ಸಾಮಾನ್ಯ ತಂಡಕ್ಕೆ ಬರುವುದು ಸುಮಾರು ಅದರ ಹತ್ತನೇ ಒಂದು ಭಾಗ. ನಡುವೆ ಇಷ್ಟು ದೊಡ್ಡ ಕಂದಕ. ಬಿದ್ದವರು ಸಾಯಬಾರದು ಅಂತ ಲೀಗ್‌ನವರು ಒಂದು ಉಪಾಯ ಮಾಡಿದ್ದಾರೆ, ಅದಕ್ಕೆ ಪ್ಯಾರಾಚೂಟ್ ಹಣ ಅನ್ನುತ್ತಾರೆ. ಪ್ರೀಮಿಯರ್ ಲೀಗ್‌ನ ತಂಡಗಳು ಟಿವಿ ಹಣವನ್ನು ಸಮನಾಗಿ ಹಂಚಿಕೊಳ್ಳುವ ಪಾಲು ಒಂದಿದೆ. ಕೆಳಗೆ ಹೋದ ತಂಡಕ್ಕೆ ಮೊದಲ ವರ್ಷ ಅದರ 55%, ಎರಡನೇ ವರ್ಷ 45%, ಮೂರನೇ ವರ್ಷ 20% ಕೊಡುತ್ತಾರೆ. ಒಂದೇ ವರ್ಷ ಮೇಲಿದ್ದು ಬಿದ್ದವರಿಗೆ ಮೂರನೇ ವರ್ಷದ್ದು ಇಲ್ಲ.

ಇದರಿಂದ ಏನಾಯಿತು? ಕೆಳಗೆ ಬಿದ್ದವರೇ ಕೆಳಗಿನ ಲೀಗ್‌ನ ಶ್ರೀಮಂತರಾದರು. ಅವರೇ ಮತ್ತೆ ಗೆದ್ದು ಮೇಲೆ ಬರುತ್ತಾರೆ, ಮತ್ತೆ ಬೀಳುತ್ತಾರೆ. ನಾರ್ವಿಚ್ 2019ರಲ್ಲಿ ಚಾಂಪಿಯನ್‌ಷಿಪ್ ಗೆದ್ದು ಬಂತು, 2020ರಲ್ಲಿ ಹೋಯಿತು. 2021ರಲ್ಲಿ ಮತ್ತೆ ಗೆದ್ದು ಬಂತು, 2022ರಲ್ಲಿ ಮತ್ತೆ ಹೋಯಿತು. ಫುಲ್ಹ್ಯಾಮ್ ಕೂಡ 2018ರಿಂದ 2022ರವರೆಗೆ ಪ್ರತಿ ವರ್ಷ ಮೇಲೆ, ಕೆಳಗೆ, ಮೇಲೆ, ಕೆಳಗೆ, ಮೇಲೆ. ಕೆಳಗಿನ ಲೀಗ್‌ಗೆ ತುಂಬಾ ದೊಡ್ಡವರು, ಮೇಲಿನ ಲೀಗ್‌ಗೆ ತುಂಬಾ ಚಿಕ್ಕವರು. ಇಂಥ ಒಂದು ಜಾತಿಯೇ ಹುಟ್ಟಿಕೊಂಡಿದೆ.

ಇನ್ನೊಂದು ವಿಷಯ ಇದೆ, ಇದನ್ನು ಟಿವಿಯಲ್ಲಿ ಅಷ್ಟಾಗಿ ಹೇಳುವುದಿಲ್ಲ. ಆ ವರ್ಷಗಳ ನಿಯಮದ ಪ್ರಕಾರ ಒಂದು ಕ್ಲಬ್ ಮೂರು ವರ್ಷದಲ್ಲಿ ಒಟ್ಟು 10.5 ಕೋಟಿ ಪೌಂಡ್‌ವರೆಗೆ ನಷ್ಟ ತೋರಿಸಬಹುದಿತ್ತು. ಅಂದರೆ ವರ್ಷಕ್ಕೆ 3.5 ಕೋಟಿ. ಆದರೆ ಚಾಂಪಿಯನ್‌ಷಿಪ್‌ನಲ್ಲಿ ಕಳೆದ ವರ್ಷಕ್ಕೆ ಲೆಕ್ಕ ಬೇರೆ, ಅಲ್ಲಿ 1.3 ಕೋಟಿ ಮಾತ್ರ. ಎರಡು ವರ್ಷ ಕೆಳಗಿದ್ದು ಬಂದ ತಂಡಕ್ಕೆ ಒಟ್ಟು ಮಿತಿ 6.1 ಕೋಟಿ. ಫಾರೆಸ್ಟ್ ಸಿಕ್ಕಿಬಿದ್ದಿದ್ದು ಇಲ್ಲಿಯೇ. ಪಕ್ಕದ ತಂಡಕ್ಕೆ ತಪ್ಪಲ್ಲದ ನಷ್ಟ ಅವರಿಗೆ ತಪ್ಪಾಯಿತು. ಅವರದೊಂದು ವಾದ ಇತ್ತು. ನಮ್ಮ ಆಟಗಾರ ಬ್ರೆನನ್ ಜಾನ್ಸನ್‌ನನ್ನು ಲೆಕ್ಕದ ವರ್ಷ ಮುಗಿಯುವ ಜೂನ್ 30ರ ಒಳಗೆ ಮಾರಿದ್ದರೆ ಕಡಿಮೆ ಬೆಲೆಗೆ ಮಾರಬೇಕಾಗಿತ್ತು, ಕಾದು ಸೆಪ್ಟೆಂಬರ್ 1ರಂದು ಟಾಟೆನ್‌ಹ್ಯಾಮ್‌ಗೆ ಸುಮಾರು 4.75 ಕೋಟಿಗೆ ಮಾರಿದೆವು, ಇದರಲ್ಲಿ ತಪ್ಪೇನು ಅಂತ. ವ್ಯಾಪಾರದ ದೃಷ್ಟಿಯಿಂದ ನನಗಂತೂ ಅದು ಸರಿಯಾದ ಮಾತೇ. ಆದರೆ ನಿಯಮದ ತಾರೀಖು ತಾರೀಖೇ. ಅಂಕ ಹೋಯಿತು.

ಇಷ್ಟಾದ ಮೇಲೂ ದುಡ್ಡೊಂದೇ ಕಾರಣ ಅಂತ ನಾನು ಒಪ್ಪುವುದಿಲ್ಲ. 2018ರಲ್ಲಿ ಬಡ್ತಿ ಪಡೆದ ಫುಲ್ಹ್ಯಾಮ್ ಒಂದೇ ಬೇಸಿಗೆಯಲ್ಲಿ 10 ಕೋಟಿ ಪೌಂಡ್‌ಗೂ ಜಾಸ್ತಿ ಖರ್ಚು ಮಾಡಿ ಆಟಗಾರರನ್ನು ತಂದಿತು. ಅಷ್ಟು ಖರ್ಚು ಮಾಡಿದ ಮೊದಲ ಬಡ್ತಿ ತಂಡ ಅದೇ. ಒಂದೇ ಸೀಸನ್‌ನಲ್ಲಿ ಮೂರು ಕೋಚ್‌ಗಳಾದರು, 26 ಅಂಕ, 19ನೇ ಸ್ಥಾನ. 2024ರಲ್ಲಿ ಇಪ್ಸ್‌ವಿಚ್ ಕೂಡ ಕೈ ಬಿಚ್ಚಿ ಖರ್ಚು ಮಾಡಿತು, ಉಳಿಯಲಿಲ್ಲ. ಈಗ ಲೂಟನ್ ನೋಡಿ. ಬಡ್ತಿ ತಂಡಗಳ ಲೆಕ್ಕದಲ್ಲಿ ಅದು ಖರ್ಚು ಮಾಡಿದ್ದು ಬಹಳ ಕಡಿಮೆ. ಆದರೆ ಆ ಎರಡು ವರ್ಷದಲ್ಲಿ ಬಂದು ಹೋದ ಆರು ತಂಡಗಳಲ್ಲಿ ಅತಿ ಹೆಚ್ಚು ಅಂಕ ಗಳಿಸಿದ್ದು ಅದೇ ಲೂಟನ್!

ಹಾಗಾದರೆ ಏನು ಕಡಿಮೆ? ನನ್ನ ಪ್ರಕಾರ ಸಮಯ.

ಲೂಟನ್ ಪ್ಲೇಆಫ್ ಫೈನಲ್ ಗೆದ್ದಿದ್ದು 2023ರ ಮೇ 27ರಂದು. ಕೋವೆಂಟ್ರಿ ವಿರುದ್ಧ, ಪೆನಾಲ್ಟಿಯಲ್ಲಿ. ಪ್ರೀಮಿಯರ್ ಲೀಗ್‌ನ ಮೊದಲ ಪಂದ್ಯ ಆಡಿದ್ದು ಆಗಸ್ಟ್ 12ರಂದು, ಬ್ರೈಟನ್‌ನಲ್ಲಿ. ಸೋತರು, 4-1. ನಡುವೆ ಇದ್ದಿದ್ದು ಸರಿಯಾಗಿ ಹನ್ನೊಂದು ವಾರ. ನಮ್ಮಲ್ಲಿ ಮಳೆ ಹಿಡಿದು, ಗದ್ದೆ ನಾಟಿ ಮುಗಿಯುವಷ್ಟು ಹೊತ್ತು. ಅಷ್ಟರಲ್ಲಿ ಅವರು ಏನೇನು ಮಾಡಬೇಕಿತ್ತು? ಆಟಗಾರರಿಗೆ ರಜೆ ಕೊಡಬೇಕು, ಯಾಕೆಂದರೆ ಚಾಂಪಿಯನ್‌ಷಿಪ್‌ನಲ್ಲಿ ಆಗಲೇ 46 ಪಂದ್ಯ, ಅದರ ಮೇಲೆ ಪ್ಲೇಆಫ್ ಆಡಿದ್ದಾರೆ. ಹೊಸ ಆಟಗಾರರನ್ನು ಹುಡುಕಬೇಕು. ಆದರೆ ಯಾರನ್ನು ಹುಡುಕಬೇಕು ಅನ್ನುವುದೇ ಮೇ 27ರ ರಾತ್ರಿಯವರೆಗೆ ಗೊತ್ತಿರಲಿಲ್ಲ. ಸೋತಿದ್ದರೆ ಬೇರೆ ಪಟ್ಟಿ, ಗೆದ್ದರೆ ಬೇರೆ ಪಟ್ಟಿ. ಮೇಲಿರುವ ಕ್ಲಬ್‌ಗಳು ಜನವರಿಯಿಂದಲೇ ಮಾತುಕತೆ ನಡೆಸಿರುತ್ತವೆ.

ಇದೆಲ್ಲದರ ಮೇಲೆ ಮೈದಾನ. ಲೂಟನ್‌ನ ಕೆನಿಲ್‌ವರ್ತ್ ರೋಡ್ ಸುಮಾರು 12 ಸಾವಿರ ಜನ ಹಿಡಿಯುವ ಹಳೇ ಮೈದಾನ. ಎದುರಾಳಿ ತಂಡದ ಅಭಿಮಾನಿಗಳು ಸಾಲು ಮನೆಗಳ ನಡುವಿನ ಬಾಗಿಲಿನಿಂದ ಒಳಗೆ ಹೋಗಿ, ಯಾರದೋ ಹಿತ್ತಲಿನ ಪಕ್ಕದ ಮೆಟ್ಟಿಲು ಹತ್ತಬೇಕು. ಪ್ರೀಮಿಯರ್ ಲೀಗ್‌ನ ಕ್ಯಾಮೆರಾ, ದೀಪ, ಪತ್ರಕರ್ತರ ಜಾಗ ಎಲ್ಲಕ್ಕೂ ನಿಯಮ ಇದೆ. ಅದಕ್ಕಾಗಿ ಒಂದು ಬದಿಯ ಸ್ಟ್ಯಾಂಡನ್ನೇ ಹೊಸದಾಗಿ ಕಟ್ಟಿದರು, ಸುಮಾರು ಒಂದು ಕೋಟಿ ಪೌಂಡ್ ಖರ್ಚು. ಆದರೂ ಮುಗಿಯಲಿಲ್ಲ. ತಮ್ಮ ಊರಿನ ಮೊದಲ ಪಂದ್ಯವನ್ನೇ ಮುಂದೂಡಬೇಕಾಯಿತು.

ಆಟಗಾರರ ವಿಷಯಕ್ಕೆ ಬರೋಣ. 2022ರಲ್ಲಿ ಫಾರೆಸ್ಟ್ ಬಡ್ತಿ ಪಡೆದು ಒಂದೇ ಬೇಸಿಗೆಯಲ್ಲಿ 20ಕ್ಕೂ ಜಾಸ್ತಿ ಜನರನ್ನು ಸೇರಿಸಿಕೊಂಡಾಗ ಇಡೀ ಜಗತ್ತು ನಕ್ಕಿತು. ಹುಚ್ಚು ಮಾಲೀಕ ಅಂದರು. ಆದರೆ ಬಡ್ತಿ ತಂದುಕೊಟ್ಟ ತಂಡದ ಬೆನ್ನೆಲುಬೇ ಲೋನ್ ಆಟಗಾರರು, ಅಂದರೆ ಬೇರೆ ಕ್ಲಬ್‌ನಿಂದ ಎರವಲು ತಂದವರು. ಜೆಡ್ ಸ್ಪೆನ್ಸ್ ಮಿಡಲ್ಸ್‌ಬರೋದವನು, ಜೇಮ್ಸ್ ಗಾರ್ನರ್ ಮ್ಯಾಂಚೆಸ್ಟರ್ ಯುನೈಟೆಡ್‌ನವನು, ಕೀನನ್ ಡೇವಿಸ್ ಆಸ್ಟನ್ ವಿಲ್ಲಾದವನು. ಫೈನಲ್ ಗೆದ್ದ ಮೇಲೆ ಅವರೆಲ್ಲ ಅವರವರ ಕ್ಲಬ್‌ಗೆ ಹೊರಟರು. ನಮ್ಮ ಸೆವೆನ್ಸ್ (ಏಳು ಜನರ ತಂಡದ) ಟೂರ್ನಿಗಳಲ್ಲಿ ಗೆಸ್ಟ್ ಪ್ಲೇಯರ್ ಕರೆಸಿ ಕಪ್ ಗೆದ್ದವರಿಗೆ ಇದರ ಅರ್ಥ ತಕ್ಷಣ ಆಗುತ್ತೆ. ಕಪ್ ಇಲ್ಲಿ, ಆಟಗಾರ ಕಣ್ಣೂರು ಬಸ್ಸಿನಲ್ಲಿ. ಫಾರೆಸ್ಟ್‌ಗೆ ಅಷ್ಟು ಜನರನ್ನು ತರದೆ ಬೇರೆ ದಾರಿಯೇ ಇರಲಿಲ್ಲ. ಆ ವರ್ಷ ಅವರು 38 ಅಂಕದೊಂದಿಗೆ ಉಳಿದರು. ಅದಕ್ಕೊಂದು ಕಾರಣ ಇದೆ. ಸೋಲಿನ ಮೇಲೆ ಸೋಲು ಬಂದಾಗಲೂ ಕೋಚ್ ಸ್ಟೀವ್ ಕೂಪರ್‌ನನ್ನು ತೆಗೆಯಲಿಲ್ಲ, ಅಕ್ಟೋಬರ್‌ನಲ್ಲಿ ಒಪ್ಪಂದವನ್ನೇ ಮುಂದುವರಿಸಿದರು. ಕಲಸಿದ ತಂಡ ಕೂಡಿಕೊಳ್ಳಲು ಸಮಯ ಸಿಕ್ಕಿತು.

ಮರುವರ್ಷ ಬರ್ನ್‌ಲಿಗೂ ಇದೇ ಆಯಿತು. ಚಾಂಪಿಯನ್‌ಷಿಪ್‌ನಲ್ಲಿ ಗೋಲು ಸುರಿಸಿದ ನೇಥನ್ ಟೆಲ್ಲಾ ಸೌತಾಂಪ್ಟನ್‌ನವನು. ಇಯಾನ್ ಮಾಟ್ಸೆನ್ ಚೆಲ್ಸಿಯವನು. ಇಬ್ಬರೂ ಹೋದರು. ಶೆಫೀಲ್ಡ್ ಯುನೈಟೆಡ್ ಅಂತೂ ತನ್ನ ಇಬ್ಬರು ಮುಖ್ಯ ಆಟಗಾರರನ್ನು ಮಾರಿಯೇಬಿಟ್ಟಿತು. ಇಲಿಮಾನ್ ಎನ್‌ಡಿಯಾಯೆ ಮಾರ್ಸೇಗೆ ಹೋದ. ಸ್ಯಾಂಡರ್ ಬೆರ್ಗ ಹೋಗಿದ್ದು ಎಲ್ಲಿಗೆ? ಜೊತೆಗೇ ಬಡ್ತಿ ಪಡೆದ ಬರ್ನ್‌ಲಿಗೆ!

ಇಲ್ಲಿ ಕಾಫಿಯವರಿಗೆ ಒಂದು ಮಾತು. 2024-25ರಲ್ಲಿ ರೊಬಸ್ಟಾಗೆ ಎಂದೂ ಕಾಣದ ರೇಟ್ ಬಂತು. ಕೈಗೆ ದುಡ್ಡು ಬಂದಿದ್ದು ಆ ವರ್ಷ. ಆ ದುಡ್ಡಲ್ಲಿ ಗಿಡ ನೆಟ್ಟರೆ ಫಸಲು ಸಿಗಲು ಮೂರು ನಾಲ್ಕು ವರ್ಷ ಬೇಕು. ಆಗ ರೇಟ್ ಏನಿರುತ್ತೋ ಯಾರಿಗೂ ಗೊತ್ತಿಲ್ಲ. ಬಡ್ತಿ ತಂಡದ ಮಾಲೀಕನ ಸಂಕಟ ಇದೇ. ದುಡ್ಡು ಈ ವರ್ಷ ಬಂದಿದೆ. ಅಕಾಡೆಮಿ, ಆಟಗಾರರನ್ನು ಹುಡುಕುವ ಸ್ಕೌಟ್‌ಗಳು, ಅಭ್ಯಾಸದ ಮೈದಾನ ಇವುಗಳಿಗೆ ಹಾಕಿದರೆ ಫಲ ಸಿಗುವುದು ಮೂರು ವರ್ಷಕ್ಕೆ. ರೆಲಿಗೇಷನ್, ಅಂದರೆ ಕೆಳಗಿನ ಲೀಗ್‌ಗೆ ಇಳಿಯುವುದು, ಇರುವುದು ಹತ್ತು ತಿಂಗಳಿಗೆ. ಅದಕ್ಕೇ ಅವನು ಬೆಳೆದು ನಿಂತ ಆಟಗಾರನನ್ನೇ ದುಬಾರಿ ಬೆಲೆಗೆ ತರುತ್ತಾನೆ. ಮಾರುವವನಿಗೂ ಗೊತ್ತು, ಇವನಿಗೆ ಅರ್ಜೆಂಟ್ ಇದೆ ಅಂತ.

ಇನ್ನು ಆಟದ ಶೈಲಿ. ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಇದೇ, ಸ್ವಲ್ಪ ಹೊತ್ತು ಹಿಡಿದರೂ ಕೇಳಿ.

ಕೋಚ್ ವಿನ್ಸೆಂಟ್ ಕಾಂಪನಿಯ ಬರ್ನ್‌ಲಿ 2022-23ರ ಚಾಂಪಿಯನ್‌ಷಿಪ್‌ನಲ್ಲಿ 101 ಅಂಕ ಗಳಿಸಿತು. 46 ಪಂದ್ಯದಲ್ಲಿ ಸೋತಿದ್ದು ಮೂರೇ ಮೂರು. ಗೋಲ್‌ಕೀಪರ್‌ನಿಂದಲೇ ಚಿಕ್ಕ ಚಿಕ್ಕ ಪಾಸ್, ಚೆಂಡು ನಮ್ಮ ಹತ್ತಿರವೇ ಇರಬೇಕು ಅನ್ನುವ ಆಟ. ನೋಡಲು ಬಲು ಚೆಂದ. ಅದೇ ಕೋಚ್, ಅದೇ ಆಟ, ಮುಂದಿನ ವರ್ಷ ಪ್ರೀಮಿಯರ್ ಲೀಗ್‌ನಲ್ಲಿ. ತಮ್ಮ ಊರಿನ ಮೊದಲ ಏಳು ಪಂದ್ಯವನ್ನೂ ಸೋತರು. ಒಟ್ಟು 38ರಲ್ಲಿ 24 ಸೋಲು.

ಯಾಕೆ ಹೀಗೆ? ಕೆಳಗಿನ ಲೀಗ್‌ನಲ್ಲಿ ಎದುರಾಳಿಗಳು ಇವರಿಗೆ ಹೆದರಿ ಹಿಂದೆ ಕೂರುತ್ತಿದ್ದರು. ಡಿಫೆಂಡರ್‌ಗೆ ಚೆಂಡು ನಿಲ್ಲಿಸಿ, ತಲೆ ಎತ್ತಿ ನೋಡಿ, ಪಾಸ್ ಕೊಡಲು ಬೇಕಾದಷ್ಟು ಸಮಯ ಇತ್ತು. ಮೇಲಿನ ಲೀಗ್‌ನಲ್ಲಿ ಮೂರು ಜನ ಓಡಿ ಬಂದು ಮುತ್ತಿಕೊಳ್ಳುತ್ತಾರೆ. ಆ ಒಂದು ಸೆಕೆಂಡ್ ಸಿಗುವುದಿಲ್ಲ. ಕೆಳಗೆ ಪೆನಾಲ್ಟಿ ಬಾಕ್ಸ್ ಹತ್ತಿರ ಪಾಸ್ ತಪ್ಪಿದರೆ ಎದುರಾಳಿ ಸ್ಟ್ರೈಕರ್ ಹತ್ತರಲ್ಲಿ ಆರು ಸಲ ಹೊರಗೆ ಹೊಡೆಯುತ್ತಾನೆ ಅಂದುಕೊಳ್ಳಿ. ಮೇಲೆ ಅಂಥ ಧಾರಾಳಿಗಳು ಕಡಿಮೆ. ವರ್ಷವಿಡೀ ಗೆಲ್ಲುವ ತಂಡವಾಗಿ ಅಭ್ಯಾಸ ಮಾಡಿದವರಿಗೆ ಚೆಂಡಿಲ್ಲದೆ ತೊಂಬತ್ತು ನಿಮಿಷ ಓಡುವ ಅಭ್ಯಾಸವೇ ಇರುವುದಿಲ್ಲ. ಬಡ್ತಿ ತಂದುಕೊಟ್ಟ ಆಟವೇ ಮುಂದಿನ ವರ್ಷಕ್ಕೆ ತಪ್ಪು ತರಬೇತಿ ಆಗಿಬಿಡುತ್ತೆ. ಸೌತಾಂಪ್ಟನ್‌ನ ಕೋಚ್ ರಸೆಲ್ ಮಾರ್ಟಿನ್‌ಗೂ ಹೀಗೇ ಆಯಿತು. ಶೈಲಿ ಬದಲಿಸಲಿಲ್ಲ. 2024ರ ಡಿಸೆಂಬರ್‌ನಲ್ಲಿ ತಮ್ಮೂರಲ್ಲೇ ಟಾಟೆನ್‌ಹ್ಯಾಮ್‌ಗೆ 5-0 ಸೋತ ದಿನ ಕೆಲಸ ಹೋಯಿತು.

ಕಾಂಪನಿಗೆ ಏನಾಯಿತು ಗೊತ್ತಲ್ವಾ? ತಂಡ ಕೆಳಗೆ ಹೋಯಿತು, ಕೋಚ್ ಮೇಲೆ ಹೋದ. ಬಯರ್ನ್ ಮ್ಯೂನಿಕ್ ಅವನನ್ನು ಕರೆದುಕೊಂಡು ಹೋಯಿತು, ಮೊದಲ ವರ್ಷವೇ ಜರ್ಮನಿಯ ಮೇಲಿನ ಲೀಗ್ ಬುಂಡೆಸ್‌ಲಿಗಾ ಗೆದ್ದ. ಅದೇ ಪಾಸಿನ ಆಟಕ್ಕೆ ಅಲ್ಲಿ ತಕ್ಕ ಆಟಗಾರರಿದ್ದರು.

ಇದೇ ಬರ್ನ್‌ಲಿಯ ಹಳೇ ಕತೆ ಇನ್ನೊಂದಿದೆ. ಶಾನ್ ಡೈಚ್ ಕೋಚ್ ಆಗಿದ್ದಾಗಿನದು. 2014ರಲ್ಲಿ ಬಂದರು, 33 ಅಂಕ ತೆಗೆದುಕೊಂಡು 2015ರಲ್ಲಿ ಹೋದರು. ಬೇರೆ ಯಾರಾದರೂ ಆಗಿದ್ದರೆ ಕೋಚನ್ನು ತೆಗೆಯುತ್ತಿದ್ದರು. ಇವರು ತೆಗೆಯಲಿಲ್ಲ. 2016ರಲ್ಲಿ ಚಾಂಪಿಯನ್‌ಷಿಪ್ ಗೆದ್ದು ವಾಪಸ್ ಬಂದರು. 2016-17ರಲ್ಲಿ 40 ಅಂಕ. ಅದರಲ್ಲಿ 33 ಸ್ವಂತ ಮೈದಾನದಲ್ಲಿ, ಹೊರಗೆ ಬರೀ 7. ಹೊರಗಡೆ ಇಡೀ ವರ್ಷ ಗೆದ್ದಿದ್ದು ಒಂದೇ ಪಂದ್ಯ. ಎಲ್ಲರೂ ಹಿಂದೆ ನಿಂತು, ಮೈ ಅಡ್ಡ ಹಾಕಿ, ಉದ್ದ ಚೆಂಡು ಹೊಡೆಯುವ ಆಟ. ಪತ್ರಿಕೆಗಳಲ್ಲಿ ಯಾರೂ ಹಾಡಿ ಹೊಗಳಲಿಲ್ಲ. ಆದರೆ ಮರುವರ್ಷ 7ನೇ ಸ್ಥಾನ, ಯೂರೋಪಾ ಲೀಗ್ ಅರ್ಹತಾ ಪಂದ್ಯಗಳು. 2022ರವರೆಗೆ ಅಲ್ಲೇ ಉಳಿದರು. ನನಗೆ ಕೇಳಿದರೆ ಚೆಂದದ ಆಟಕ್ಕಿಂತ ಈ ಹಠ ಇಷ್ಟ. ನಿಮ್ಮಲ್ಲಿ ಕೆಲವರು ಒಪ್ಪುವುದಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತೆ.

ಉಳಿದುಕೊಂಡವರನ್ನು ನೋಡಿದರೆ ಸಮಯದ ಮಾತು ಇನ್ನೂ ಸ್ಪಷ್ಟವಾಗುತ್ತೆ. ಬ್ರೈಟನ್ 2013, 2014, 2016 ಮೂರೂ ವರ್ಷ ಪ್ಲೇಆಫ್‌ನಲ್ಲಿ ಸೋತಿತು. 2017ರಲ್ಲಿ ಬಂತು, ಆಮೇಲೆ ಕದಲಲಿಲ್ಲ. ಬ್ರೆಂಟ್‌ಫೋರ್ಡ್ 2015ರಲ್ಲಿ ಪ್ಲೇಆಫ್ ಸೋತಿತು, 2020ರ ಫೈನಲ್‌ನಲ್ಲಿ ಫುಲ್ಹ್ಯಾಮ್‌ಗೆ ಸೋತಿತು, 2021ರಲ್ಲಿ ಬಂತು. ಬಂದ ಮೊದಲ ಪಂದ್ಯದಲ್ಲೇ ಆರ್ಸೆನಲ್ ವಿರುದ್ಧ 2-0 ಗೆಲುವು. ಕೊನೆಗೆ 13ನೇ ಸ್ಥಾನ. ಜೊತೆಗೆ ಬಂದ ನಾರ್ವಿಚ್, ವಾಟ್‌ಫರ್ಡ್ ಎರಡೂ ಹೋದವು. ಸೋತ ಆ ವರ್ಷಗಳಲ್ಲಿ ಈ ಎರಡು ಕ್ಲಬ್‌ಗಳು ಸುಮ್ನೆ ಕೂತಿರಲಿಲ್ಲ. ಅಂಕಿ ಅಂಶ ಹಿಡಿದು ಯಾರ ಕಣ್ಣಿಗೂ ಬೀಳದ ಆಟಗಾರರನ್ನು ಅಗ್ಗಕ್ಕೆ ತಂದು, ಬೆಳೆಸಿ, ದುಬಾರಿಗೆ ಮಾರುವ ವ್ಯವಸ್ಥೆ ಕಟ್ಟುತ್ತಿದ್ದವು. ಬ್ರೈಟನ್‌ನ ಮಾಲೀಕ ಟೋನಿ ಬ್ಲೂಮ್, ಬ್ರೆಂಟ್‌ಫೋರ್ಡ್‌ನ ಮಾಲೀಕ ಮ್ಯಾಥ್ಯೂ ಬೆನ್‌ಹ್ಯಾಮ್, ಇಬ್ಬರೂ ಬೆಟ್ಟಿಂಗ್ ಲೆಕ್ಕಾಚಾರದಲ್ಲಿ ದುಡ್ಡು ಮಾಡಿದವರು. ಹಾಗಾಗಿ ಬಡ್ತಿ ಸಿಕ್ಕಾಗ ಹನ್ನೊಂದು ವಾರದಲ್ಲಿ ಹೊಸದಾಗಿ ಮಾಡುವುದು ಅಷ್ಟೇನೂ ಇರಲಿಲ್ಲ.

ಇದಕ್ಕೆ ವಿರುದ್ಧದ ಉದಾಹರಣೆಯೂ ಇದೆ, ಅದನ್ನು ಮುಚ್ಚಿಡಬಾರದು. ಸೌತಾಂಪ್ಟನ್ 2011ರಲ್ಲಿ ಮೂರನೇ ಹಂತದಿಂದ, 2012ರಲ್ಲಿ ಎರಡನೇ ಹಂತದಿಂದ ಸತತ ಬಡ್ತಿ ಪಡೆದು ಬಂತು. 2023ರವರೆಗೆ ಉಳಿಯಿತು. ಅವಸರದಲ್ಲಿ ಬಂದವರೂ ಉಳಿದರಲ್ಲ? ಆದರೆ ಆ ತಂಡ ಯಾರದು ನೋಡಿ. ಲಲಾನಾ, ಷ್ನೈಡರ್ಲಿನ್, ಲ್ಯಾಂಬರ್ಟ್ ಮೂರನೇ ಹಂತದಿಂದ ಒಟ್ಟಿಗೆ ಆಡಿದವರು. ಲ್ಯೂಕ್ ಶಾ, ವಾರ್ಡ್-ಪ್ರೌಸ್ ಅವರದೇ ಅಕಾಡೆಮಿಯ ಹುಡುಗರು. ತಂಡ ಬೇಗ ಬಂದರೂ ಹುಡುಗರು ಬೇಗ ಬೆಳೆದವರಲ್ಲ.

ಊರು ಚಿಕ್ಕದು ಅನ್ನುವ ನೆಪವೂ ಪೂರ್ತಿ ನಿಲ್ಲುವುದಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಮಡಿಕೇರಿಯ ಜನಸಂಖ್ಯೆ 33 ಸಾವಿರ ಚಿಲ್ಲರೆ. ಸ್ಪೇನಿನ ಐಬರ್ ಅದಕ್ಕಿಂತ ಚಿಕ್ಕದು, ಸುಮಾರು 27 ಸಾವಿರ. ಬೆಟ್ಟದ ಸಂದಿಯ ಊರು. 2014ರಲ್ಲಿ ಲಾ ಲಿಗಾಗೆ ಬಡ್ತಿ ಸಿಕ್ಕಿತು. ಸಾಲ ಇರಲಿಲ್ಲ, ಆದರೆ ನಿಯಮದ ಪ್ರಕಾರ ಬಂಡವಾಳ ಸಾಲದು ಅಂದರು. ಅಭಿಮಾನಿಗಳಿಗೆ ಷೇರು ಮಾರಿ ಸುಮಾರು 17 ಲಕ್ಷ ಯೂರೋ ಕೂಡಿಸಿದರು. ಮೊದಲ ವರ್ಷವೇ 18ನೇ ಸ್ಥಾನ, ಅಂದರೆ ಕೆಳಗೆ. ಅಷ್ಟರಲ್ಲಿ ಮೇಲಿದ್ದ ಎಲ್ಚೆ ಕ್ಲಬ್‌ಗೆ ಸಾಲದ ಕಾರಣಕ್ಕೆ ಶಿಕ್ಷೆಯಾಗಿ ಅವರನ್ನು ಕೆಳಗೆ ಕಳಿಸಿದರು, ಐಬರ್ ಉಳಿಯಿತು. ಅದೃಷ್ಟ ಅನ್ನಿ. ಆದರೆ ಅದೇ 2015ರಲ್ಲಿ ಸ್ಪೇನ್ ಸರ್ಕಾರ ಟಿವಿ ಹಕ್ಕುಗಳನ್ನು ಒಟ್ಟಾಗಿ ಮಾರಬೇಕು ಅಂತ ಕಾನೂನು ತಂದಿತು, ಸಣ್ಣ ಕ್ಲಬ್‌ಗಳಿಗೂ ಪಾಲು ಹೆಚ್ಚಿತು. ಮೆಂಡಿಲಿಬಾರ್ ಎಂಬ ಕೋಚ್ 2015ರಿಂದ 2021ರವರೆಗೆ ಇದ್ದ. ಐಬರ್ ಒಟ್ಟು ಏಳು ಸೀಸನ್ ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ಜೊತೆ ಒಂದೇ ಲೀಗ್‌ನಲ್ಲಿ ಆಡಿತು.

ಜರ್ಮನಿಯ ಹೈಡನ್‌ಹೈಮ್ ಸುಮಾರು 50 ಸಾವಿರ ಜನರ ಊರು. ಫ್ರಾಂಕ್ ಶ್ಮಿಟ್ ಅಲ್ಲಿ ಕೋಚ್ ಆಗಿದ್ದು 2007ರಲ್ಲಿ, ತಂಡ ಎಷ್ಟೋ ಹಂತ ಕೆಳಗಿದ್ದಾಗ. 2023ರಲ್ಲಿ ಅವನೇ ತಂಡವನ್ನು ಬುಂಡೆಸ್‌ಲಿಗಾಗೆ ತಂದ. ಕೊನೆಯ ಪಂದ್ಯದ ಹೆಚ್ಚುವರಿ ನಿಮಿಷಗಳಲ್ಲಿ ಎರಡು ಗೋಲು ಹೊಡೆದು! ಮೊದಲ ಸೀಸನ್‌ನಲ್ಲಿ 8ನೇ ಸ್ಥಾನ. ಹದಿನಾರು ವರ್ಷ ಒಬ್ಬನೇ ಕೋಚ್. ನಮ್ಮಲ್ಲಿ ಹದಿನಾರು ವಾರ ಇದ್ದರೂ ದೊಡ್ಡದು.

ಎರಡನೇ ವರ್ಷದ ಕಷ್ಟ ಬೇರೆ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಇಪ್ಸ್‌ವಿಚ್ 2001ರಲ್ಲಿ 5ನೇ ಸ್ಥಾನ, 2002ರಲ್ಲಿ ಕೆಳಗೆ. ಶೆಫೀಲ್ಡ್ ಯುನೈಟೆಡ್ 2020ರಲ್ಲಿ 9ನೇ ಸ್ಥಾನ, 2021ರಲ್ಲಿ ಕಟ್ಟ ಕಡೆ. ಶೆಫೀಲ್ಡ್‌ನ ಸೆಂಟರ್ ಬ್ಯಾಕ್‌ಗಳು (ಮಧ್ಯದ ಡಿಫೆಂಡರ್‌ಗಳು) ಮೈದಾನದ ಬದಿಯಲ್ಲಿ ಮುಂದೆ ಓಡಿ ಬರುವುದು ಮೊದಲ ವರ್ಷ ಯಾರಿಗೂ ಅರ್ಥ ಆಗಲಿಲ್ಲ. ಎರಡನೇ ವರ್ಷ ಎಲ್ಲರಿಗೂ ವಿಡಿಯೋ ಸಿಕ್ಕಿತ್ತು.

ಇಲ್ಲಿ ಒಬ್ಬರು ಹಿರಿಯರು ಎದ್ದು ಕೇಳಿದರು: ಹಿಂದೆ ಬಡ್ತಿ ಪಡೆದ ವರ್ಷವೇ ಲೀಗ್ ಗೆದ್ದವರಿದ್ದಾರಲ್ಲ? ಇದ್ದಾರೆ. ಕೋಚ್ ಬ್ರಯನ್ ಕ್ಲಫ್‌ನ ಫಾರೆಸ್ಟ್ 1977ರಲ್ಲಿ ಎರಡನೇ ಡಿವಿಷನ್‌ನಲ್ಲಿ ಮೂರನೆಯವರಾಗಿ ಬಂದು, 1978ರಲ್ಲಿ ಲೀಗ್ ಗೆದ್ದು, 1979 ಮತ್ತು 1980ರಲ್ಲಿ ಯೂರೋಪಿಯನ್ ಕಪ್ಪನ್ನೂ ಗೆದ್ದಿತು. ಕೈಸರ್ಸ್‌ಲೌಟರ್ನ್ ಕೂಡ ಬಡ್ತಿ ಪಡೆದು ಬಂದ ಮೊದಲ ಸೀಸನ್‌ನಲ್ಲೇ, 1998ರಲ್ಲಿ, ಜರ್ಮನಿಯ ಲೀಗ್ ಗೆದ್ದಿತು. ಕ್ಲಫ್ ಕಾಲದಲ್ಲಿ ಎರಡು ಡಿವಿಷನ್‌ಗಳ ನಡುವೆ ಟಿವಿ ಹಣದ ಕಂದಕ ಇರಲಿಲ್ಲ. 1995ರಲ್ಲಿ ಯೂರೋಪಿನ ನ್ಯಾಯಾಲಯ ಕೊಟ್ಟ ಬೋಸ್ಮನ್ ತೀರ್ಪಿಗೆ ಮುಂಚೆ ಒಪ್ಪಂದ ಮುಗಿದ ಆಟಗಾರನೂ ಕ್ಲಬ್‌ನ ಒಪ್ಪಿಗೆ, ಹಣ ಇಲ್ಲದೆ ಸುಲಭವಾಗಿ ಹೊರಡುವ ಹಾಗಿರಲಿಲ್ಲ. ಕಟ್ಟಿದ ತಂಡವನ್ನು ಹಿಡಿದಿಟ್ಟುಕೊಳ್ಳಬಹುದಿತ್ತು. ಆ ಅನುಕೂಲ ಈಗಿನವರಿಗೆ ಇಲ್ಲ.

ನಮ್ಮ ದೇಶದ ವಿಷಯ ಕೇಳಿದರು. ಬೆಂಗಳೂರಿನ ಲೀಗ್‌ಗಳಲ್ಲಿ ಡಿವಿಷನ್‌ನಿಂದ ಡಿವಿಷನ್‌ಗೆ ಹತ್ತುವುದು ಇಳಿಯುವುದು ಹಳೇ ಪದ್ಧತಿ, ಕೊಡಗು ಎಫ್‌ಸಿ ಅಲ್ಲಿಯ ಸೂಪರ್ ಡಿವಿಷನ್‌ನಲ್ಲಿ ಆಡಿದೆ. ದೇಶದ ಮೇಲಿನ ಲೀಗ್ ಆದ ಐಎಸ್‌ಎಲ್‌ಗೆ, ಅದರ ಕೆಳಗಿನ ಐ-ಲೀಗ್ ಗೆದ್ದು ಮೊದಲು ಬಂದಿದ್ದು 2023ರಲ್ಲಿ ಪಂಜಾಬ್ ಎಫ್‌ಸಿ, 8ನೇ ಸ್ಥಾನದಲ್ಲಿ ಮುಗಿಸಿತು. ಮರುವರ್ಷ ಬಂದ ಮೊಹಮ್ಮಡನ್ ಸ್ಪೋರ್ಟಿಂಗ್ 13 ತಂಡಗಳಲ್ಲಿ 13ನೆಯದು. ಆ ವರ್ಷ ಕೆಳಗಿಳಿಸುವ ನಿಯಮ ಇರಲಿಲ್ಲ, ಹಾಗಾಗಿ ಅವರು ಅಲ್ಲೇ ಉಳಿದರು. ನಿಯಮ ಇದ್ದಿದ್ದರೆ ಅವರೂ ನಾನು ಹೇಳಿದ ಪಟ್ಟಿಗೇ ಸೇರುತ್ತಿದ್ದರು.

ಕೊನೆಯ ಪ್ರಶ್ನೆ ಒಬ್ಬ ಕಾಲೇಜು ಹುಡುಗನದು. ನೀವೇ ಮಾಲೀಕರಾಗಿದ್ದರೆ ಆ ಹನ್ನೊಂದು ವಾರ ಏನು ಮಾಡುತ್ತಿದ್ದಿರಿ ಅಂತ. ಮೊದಲ ದಿನ ಕೋಚ್‌ಗೆ ಬರೆದು ಕೊಡುತ್ತೇನೆ, ಕೆಳಗೆ ಹೋದರೂ ನೀನೇ ಕೋಚ್ ಅಂತ. ಪ್ರತಿ ಒಪ್ಪಂದದಲ್ಲೂ ಕೆಳಗೆ ಹೋದರೆ ಸಂಬಳ ಇಳಿಯುತ್ತೆ ಅನ್ನುವ ಷರತ್ತು ಹಾಕಿಸುತ್ತೇನೆ. 2025ರಲ್ಲಿ ಸಂಡರ್‌ಲ್ಯಾಂಡ್ ಗ್ರಾನಿಟ್ ಜಾಕಾನನ್ನು ತಂದ ಹಾಗೆ, ದೊಡ್ಡ ಲೀಗ್‌ನಲ್ಲಿ ಬೆವರು ಸುರಿಸಿದ ಒಬ್ಬ ಮಿಡ್‌ಫೀಲ್ಡರ್‌ನನ್ನು ತರುತ್ತೇನೆ. ಅವನು ಬಂದು ಸಂಡರ್‌ಲ್ಯಾಂಡ್ ಮೊದಲ ಪಂದ್ಯದಲ್ಲೇ ವೆಸ್ಟ್ ಹ್ಯಾಮ್ ತಂಡವನ್ನು 3-0 ಸೋಲಿಸಿತು. ಆಮೇಲೆ ಒಳ್ಳೆ ಗೋಲ್‌ಕೀಪರ್, ಎತ್ತರದ ಇಬ್ಬರು ಸೆಂಟರ್ ಬ್ಯಾಕ್. ಸ್ಟ್ರೈಕರ್‌ಗೆ ದುಡ್ಡು ಉಳಿದರೆ ನೋಡೋಣ. ಉಳಿಯದಿದ್ದರೆ ವಾರಕ್ಕೆ ಎರಡು ದಿನ ಕಾರ್ನರ್ ಕಿಕ್ ಅಭ್ಯಾಸ ಮಾಡಿಸುತ್ತೇನೆ.